ನೂರುದನಿಗೆ ಎರಡು ಸಾಕ್ಷಿ

ನವೆಂಬರ್ 3, ಸೋಮವಾರ

ಇವತ್ತು ನನ್ನ ಮೇಜಿಗೆ ನಾಲ್ವರು ಸತ್ತು ಬಂದರು. ಮೂವರದು ಖಾತ್ರಿ. ನಾಲ್ಕನೆಯವನು ನನ್ನ ಅಣ್ಣ, ಅವನನ್ನು ನಾನು ನಂಬುವುದಿಲ್ಲ.

ಸೇತುವೆಗಳ ಎಂಜಿನಿಯರ್‌ಗೆ ಮಗನ ಕಾಗದ ಇದೆ, ಆಸ್ಪತ್ರೆಯ ಕಾಗದವೂ ಇದೆ. ಕುಸ್ತಿಪಟುವಿಗೆ ಹೆಂಡತಿ ಒಂದು ಸಾಕ್ಷಿ, ಅವನ ಕೈಯಲ್ಲಿ ಮೂರು ಸಲ ಸೋತ ಎದುರಾಳಿ ಇನ್ನೊಂದು. ಅನುವಾದಕಿಗೆ ತಂಗಿ ಮತ್ತು ಪಕ್ಕದ ಮನೆಯ ದಂತವೈದ್ಯ. ನಮ್ಮ ವರ್ಷಕೋಶದ ‘ಈ ವರ್ಷ ಅಗಲಿದವರು’ ವಿಭಾಗಕ್ಕೆ ಯಾರ ಹೆಸರು ಹೋಗಬೇಕಾದರೂ ಇಬ್ಬರು ಸಾಕ್ಷಿ ಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು. ಇದು ನಾನೇ ಮಾಡಿದ ನಿಯಮ. ಕಚೇರಿಯಲ್ಲಿ ಎಲ್ಲರೂ ನನ್ನ ಬೆನ್ನ ಹಿಂದೆ ‘ಎರಡ್ಸಾಕ್ಷಿ’ ಅನ್ನುತ್ತಾರೆ. ಮುಂದೆಯೇ ಅಂದರೂ ನನಗೇನೂ ಬೇಸರವಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರೇ ಹೇಳಿದ್ದಾರೆ.

ಹನ್ನೊಂದು ಇಪ್ಪತ್ತಕ್ಕೆ ಫೋನ್ ಬಂತು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಮುಂದೆ ಬೇಕಾಗಬಹುದು.

“ನಾನು, ನಿಮ್ಮ ಅತ್ತಿಗೆ. ನಿಮ್ಮಣ್ಣ ಹೋಗ್ಬಿಟ್ರು. ಶುಕ್ರವಾರ ಬೆಳಗ್ಗೆ. ಎಲ್ಲಾ ಮುಗಿಯೋವರೆಗೂ ಯಾರಿಗೂ ಹೇಳ್ಬೇಡ ಅಂದಿದ್ರು, ಅದಕ್ಕೇ...” ಅಂತ ಹೇಳಿ ಅಳು.

ನಾನು ಎರಡು ಕ್ಷಣ ಕೇಳಿಸಿಕೊಂಡೆ. ಆಮೇಲೆ ಹೇಳಿದೆ: “ಸಾಕು ಅಣ್ಣಾ. ಅತ್ತಿಗೆ ದನಿ ಚೆನ್ನಾಗಿ ಬಂತು. ಅಳು ಮಾತ್ರ ಸ್ವಲ್ಪ ಜಾಸ್ತಿ ಆಯ್ತು.”

ಆ ಕಡೆ ಫೋನ್ ಇಟ್ಟ ಸದ್ದು ಬಂತು. ಸಿಕ್ಕಿಬಿದ್ದವರು ಮಾಡುವುದೇ ಹೀಗೆ.

ನನ್ನ ಅಣ್ಣ ಯಾರೆಂದು ಊರಿಗೆಲ್ಲ ಗೊತ್ತು. ಪೋಸ್ಟರಿನ ಮೇಲೆ ‘ನೂರುದನಿ’. ಮಂತ್ರಿ, ಮಗು, ರೈಲು, ಕೋಳಿ, ಬಸುರಿ ಹೆಂಗಸು, ಬೀಗ ಬಿದ್ದ ಬಾಗಿಲು, ಯಾವ ಸದ್ದಾದರೂ ಅವನ ಬಾಯಲ್ಲಿ ಬರುತ್ತಿತ್ತು. ಎಂಟು ವರ್ಷದ ಹಿಂದೆ ಊಟಕ್ಕೆ ಕೂತಾಗ ನಾನು ಜಂಬ ಕೊಚ್ಚಿದ್ದೆ, ನನ್ನ ಮೇಜು ದಾಟಿ ಒಂದು ಸುಳ್ಳೂ ಅಚ್ಚಾಗಲ್ಲ ಅಂತ. ಅವನು ನಕ್ಕ. ಮುಂದಿನ ವಾರ ಹೆಸರಾಂತ ಸಸ್ಯವಿಜ್ಞಾನಿಯ ಮಗಳು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾ ಅಪ್ಪ ತೀರಿಕೊಂಡರು ಅಂದಳು. ಬರೆದುಕೊಂಡೆ. ಅಚ್ಚಾಯಿತು. ಪುಸ್ತಕ ಬಂದ ನಾಲ್ಕನೇ ದಿನ ಸಸ್ಯವಿಜ್ಞಾನಿ ಅದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. “ನಾನು ಸತ್ತಿದ್ದೀನಂತೆ. ಯಾವ ಕಾಯಿಲೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ” ಅಂದರು.

ಆ ವರ್ಷ ನಾನು ಸಹಾಯಕ ಸಂಪಾದಕನಾಗಬೇಕಿತ್ತು. ಆ ಕುರ್ಚಿ ಬೇರೆಯವರಿಗೆ ಹೋಯಿತು. ನನಗೆ ಈ ಮೂಲೆಯ ಮೇಜು ಬಂತು. ಅವತ್ತಿನಿಂದ ಅಣ್ಣನ ಜೊತೆ ಮಾತಿಲ್ಲ.

ಈಗ ಅದೇ ಆಟ ಮತ್ತೆ ಶುರು ಮಾಡಿದ್ದಾನೆ. ಈ ಸಲ ಸತ್ತವನೂ ಅವನೇ.

ನವೆಂಬರ್ 5, ಬುಧವಾರ

ಹೆಂಡತಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿ ಇವತ್ತು ಹೇಳಿದೆ, ತಮಾಷೆಯ ಹಾಗೆ. ಅವಳು ಕೈಯಲ್ಲಿದ್ದ ಬಟ್ಟೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು.

“ಭಾವ ಹೋದ್ರಾ? ಸೋಮವಾರ ಫೋನ್ ಬಂತು, ಇವತ್ತು ಹೇಳ್ತಿದ್ದೀರಾ?”

“ಫೋನ್ ಬಂತು ಅಂದೆ. ಹೋದ ಅನ್ನಲಿಲ್ಲ.”

“ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿರ್ಬೇಕು” ಅಂದಳು. ಅರ್ಧ ಗಂಟೆಯಲ್ಲಿ ಚೀಲ ತುಂಬಿಕೊಂಡು ಮಧ್ಯಾಹ್ನದ ರೈಲು ಹಿಡಿದಳು. ಐದು ಗಂಟೆಯ ದಾರಿ. ನೀವೂ ಬನ್ನಿ ಅಂತ ಒಂದೇ ಸಲ ಕರೆದಳು.

ನಾನು ಯಾಕೆ ಹೋಗಲಿ? ನಾನು ಹೋಗಲಿ ಎಂಬುದೇ ಅವನ ಉಪಾಯ. ಬಾಗಿಲು ತಟ್ಟುತ್ತೇನೆ, ಅವನೇ ತೆಗೆಯುತ್ತಾನೆ, ಮನೆ ತುಂಬಾ ಜನ ಕೂತು ನಗುತ್ತಾರೆ.

ನವೆಂಬರ್ 6, ಗುರುವಾರ

ಮನೆಯಲ್ಲಿ ಸದ್ದಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದೆ. ಅಣ್ಣ ಇದನ್ನೂ ಮಾಡುತ್ತಿದ್ದ.

ನವೆಂಬರ್ 8, ಶನಿವಾರ

ವೈದ್ಯರೊಬ್ಬರು ಫೋನ್ ಮಾಡಿದರು. ವೈದ್ಯರು ಅಂತ ಹೇಳಿಕೊಂಡವರು ಎಂದು ಬರೆಯಬೇಕು. ದಪ್ಪ ದನಿ, ಮಾತಿನ ನಡುವೆ ಸಣ್ಣ ಕೆಮ್ಮು. ಆ ಕೆಮ್ಮು ನನಗೆ ಅನುಮಾನ ತಂದಿತು. ಬೇರೆಯವರ ದನಿ ಹಿಡಿಯುವಾಗ ಅಣ್ಣ ಅವರಿಗೊಂದು ಕೆಮ್ಮೋ ಸೀನೋ ಅಂಟಿಸುತ್ತಿದ್ದ. ಜನ ದನಿಯನ್ನು ಬಿಟ್ಟು ಕೆಮ್ಮನ್ನು ನಂಬುತ್ತಾರೆ ಅಂತ ಅವನೇ ಹೇಳಿದ್ದು.

“ನಿಮಗೆ ನಂಬಿಕೆ ಬರ್ಲಿಲ್ಲ ಅಂತ ನಿಮ್ಮ ಅತ್ತಿಗೆ ಹೇಳಿದ್ರು. ಗಂಟಲಿನ ತೊಂದರೆ ನಿಮಗೆ ಗೊತ್ತಿತ್ತಲ್ವಾ?”

ಗಂಟಲು! ದನಿಯಿಂದ ಬದುಕಿದವನಿಗೆ ಗಂಟಲಿನ ಕಾಯಿಲೆ! ಕಥೆ ಕಟ್ಟಿದರೂ ಇಷ್ಟು ಅಚ್ಚುಕಟ್ಟಾಗಿ ಕಟ್ಟಬಾರದು.

“ಡಾಕ್ಟ್ರೇ, ನಮ್ಮಣ್ಣನ ಎಡ ಮೊಣಕಾಲಿನ ಕೆಳಗೆ ಏನಿದೆ ಹೇಳಿ” ಅಂದೆ.

“ನಾನು ನೋಡಿದ್ದು ಗಂಟಲು ಸ್ವಾಮಿ. ಮೊಣಕಾಲು ನೋಡಿಲ್ಲ” ಅಂತ ಹೇಳಿ ಫೋನ್ ಇಟ್ಟರು.

ಅಲ್ಲಿ ಒಂದು ಗಾಯದ ಗುರುತಿದೆ. ನನ್ನನ್ನು ಹಿಂದೆ ಕೂರಿಸಿಕೊಂಡು ಸೈಕಲ್ ಹೊಡೆಯುವಾಗ ಬಿದ್ದದ್ದು. ನಾನು ಮೇಲೆ ಬಿದ್ದೆ, ಅವನು ಕೆಳಗೆ. ಮನೆಗೆ ಬಂದು ಅಪ್ಪನ ಮುಂದೆ ಅವನೇ ಅತ್ತ, ನನ್ನ ದನಿಯಲ್ಲಿ, ನನಗೆ ಬೈಗುಳ ಬೀಳದಿರಲಿ ಅಂತ. ಇದನ್ನು ಇಲ್ಲಿ ಬರೆಯುವ ಅಗತ್ಯ ಇರಲಿಲ್ಲ.

ನವೆಂಬರ್ 9, ಭಾನುವಾರ

ಹೆಂಡತಿ ವಾಪಸ್ ಬಂದಳು. ಕಣ್ಣು ಊದಿದೆ.

“ಭಾವ ಎರಡು ವರ್ಷದಿಂದ...” ಅಂತ ಶುರು ಮಾಡಿದಳು.

“ಕೇಳಿದ್ದು ಬೇಡ. ಕಂಡಿದ್ದು ಹೇಳು. ಅವನ ಮುಖ ನೋಡಿದ್ಯಾ?”

“ಎಲ್ಲಾ ಮುಗಿದಿತ್ತಲ್ಲ. ಹೇಗೆ ನೋಡ್ಲಿ?”

“ಮತ್ತೆ ಏನು ಕಂಡೆ?”

“ಒಬ್ಬಳು ಹೆಂಗಸು ಅಳೋದು ಕಂಡೆ. ನಿಮಗೆ ಅದು ಸಾಕ್ಷಿ ಅಲ್ಲ ಅಂತ ಗೊತ್ತು.” ಅಷ್ಟು ಹೇಳಿ ಒಳಗೆ ಹೋದವಳು ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಇವಳು ವರ್ಷಕ್ಕೆರಡು ಸಲ ಅತ್ತಿಗೆಗೆ ಕಾಗದ ಬರೆಯುತ್ತಿದ್ದಳಂತೆ. ಈ ಎಂಟು ವರ್ಷವೂ! ನನ್ನದೇ ಮನೆಯಲ್ಲಿ, ನನ್ನದೇ ಪೆನ್ನಿನಲ್ಲಿ. ಇವಳೂ ಸೇರಿಕೊಂಡಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ನವೆಂಬರ್ 13, ಗುರುವಾರ

ಅಂಚೆಯಲ್ಲಿ ಮರಣ ಪ್ರಮಾಣಪತ್ರದ ಪ್ರತಿ ಬಂತು. ಮುದ್ರೆ ಸರಿಯಿದೆ, ಸಹಿ ಸರಿಯಿದೆ. ಬೆಳಕಿಗೆ ಹಿಡಿದು ನೋಡಿದೆ, ಕಾಗದವೂ ಸರಿಯಿದೆ. ಆದರೆ ವಯಸ್ಸು ಐವತ್ನಾಲ್ಕು!

ಸಿಕ್ಕಿಬಿದ್ದ! ಅಣ್ಣನಿಗೆ ಅರವತ್ತು. ನನಗೆ ಐವತ್ತೇಳು, ಅವನು ನನಗಿಂತ ಮೂರು ವರ್ಷ ದೊಡ್ಡವನು. ನಿಜವಾದ ಕಾಗದದಲ್ಲಿ ಆರು ವರ್ಷದ ತಪ್ಪು ಎಲ್ಲಿಂದ ಬರಬೇಕು? ಅಚ್ಚು ಹಾಕಿದವನಿಗೆ ಅಂದಾಜಿನ ಮೇಲೆ ಒಂದು ಅಂಕಿ ಹೇಳಿರುತ್ತಾನೆ. ಎಷ್ಟೇ ಜಾಣನಾದರೂ ಕಳ್ಳ ಒಂದು ಬಾಗಿಲು ತೆರೆದಿಟ್ಟು ಹೋಗುತ್ತಾನೆ.

ಸಂಪಾದಕರಿಗೆ ತೋರಿಸಿದೆ. ಅವರು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದರು.

“ನೀವು ಒಂದು ವಾರ ರಜೆ ತಗೋಬಾರ್ದಾ?”

“ಯಾಕೆ ಸಾರ್?”

“ಸುಮ್ಮನೆ.” ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿ, ಡಿಸೆಂಬರ್ ಒಂದಕ್ಕೆ ಆ ಪುಟಗಳು ಅಚ್ಚಿಗೆ ಹೋಗ್ಬೇಕು. ಕಲಾವಿದರ ಪುಟದಲ್ಲಿ ನಿಮ್ಮಣ್ಣನಿಗೆ ಒಂಬತ್ತು ಸಾಲು ಬಿಟ್ಟಿದ್ದೀನಿ. ನೀವು ಸಹಿ ಹಾಕದಿದ್ರೆ ಅಲ್ಲಿ ಬೇರೆ ಹೆಸರು ಹಾಕ್ತೀವಿ. ನಿಮ್ಮ ನಿಯಮ, ನಿಮ್ಮ ಕೈ.”

ಈ ವರ್ಷ ಸತ್ತವನಿಗೆ ಮುಂದಿನ ವರ್ಷದ ಪುಸ್ತಕದಲ್ಲಿ ಜಾಗವಿಲ್ಲ. ಒಮ್ಮೆ ಬಿಟ್ಟರೆ ಬಿಟ್ಟ ಹಾಗೆಯೇ. ಅಂಥವರು ಎಷ್ಟೋ ಜನ ಇದ್ದಾರೆ, ಯಾವ ವರ್ಷಕ್ಕೂ ಸೇರದವರು. ಆದರೆ ಬದುಕಿರುವವನನ್ನು ಎರಡನೇ ಸಲ ಸಾಯಿಸಿದರೆ ನನ್ನ ಗತಿ?

ನವೆಂಬರ್ 17, ಸೋಮವಾರ

ಸಸ್ಯವಿಜ್ಞಾನಿ ನಿಜವಾಗಿ ತೀರಿಕೊಂಡಿದ್ದಾರೆ. ಮಗಳು ಫೋನ್ ಮಾಡದೆ ತಾನೇ ಬಂದಳು, ಮನೆ ವೈದ್ಯರ ಕಾಗದ ಮತ್ತು ಸಸ್ಯೋದ್ಯಾನದ ಮುಖ್ಯಸ್ಥರ ಕಾಗದ ಎರಡನ್ನೂ ಹಿಡಿದುಕೊಂಡು. ನನ್ನ ಮೇಜಿನ ಮೇಲಿಟ್ಟು, “ಈ ಸಲ ನಿಜ” ಅಂದಳು. ನಗುತ್ತಲೇ ಅಂದಳು, ಕಣ್ಣಲ್ಲಿ ನೀರಿತ್ತು.

ಎಂಟು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ್ದು ಇದೇ ದನಿ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಣ್ಣನ ಕೆಲಸ ಅಂದರೆ ಕೆಲಸ, ಅದನ್ನು ಒಪ್ಪಬೇಕು.

ಕಾರ್ಡು ತುಂಬುತ್ತಿದ್ದಾಗ ಅವಳೇ ಮಾತು ತೆಗೆದಳು. “ನಿಮ್ಮಣ್ಣ ಆ ವರ್ಷವೇ ನಮ್ಮನೆಗೆ ಬಂದಿದ್ರು, ತಪ್ಪಾಯ್ತು ಅನ್ನೋಕೆ. ಅಪ್ಪ, ‘ಕ್ಷಮೆ ಆಮೇಲೆ, ಮೊದ್ಲು ನನ್ನ ಮಗಳ ದನಿ ಮಾಡಿ ತೋರಿಸು’ ಅಂದ್ರು. ನಕ್ಕು ನಕ್ಕು ಕನ್ನಡಕ ಬೀಳಿಸ್ಕೊಂಡ್ರು. ಆಮೇಲೆ ಇಬ್ಬರೂ ಸ್ನೇಹಿತರಾಗಿಬಿಟ್ರು. ಅವರು ಊರು ಬಿಟ್ಟ ಮೇಲೂ ಕಾಗದ ಬರ್ತಿತ್ತು.”

“ನಿಮ್ಮ ಹತ್ರ ಕ್ಷಮೆ ಕೇಳಿದ. ನನ್ನ ಹತ್ರ ಕೇಳಲಿಲ್ಲ” ಅಂದೆ. ದನಿ ಸ್ವಲ್ಪ ಏರಿತು.

ಅವಳು ತಲೆ ತಗ್ಗಿಸಿದಳು. “ಬಂದಿದ್ರಂತಲ್ಲ ನಿಮ್ಮನೆಗೆ. ನೀವು ಬಾಗಿಲಲ್ಲೇ, ‘ಇವತ್ತು ಯಾರ ದನಿಯಲ್ಲಿ ಬಂದಿದ್ದೀಯಾ’ ಅಂತ ಕೇಳಿ ಬಾಗಿಲು ಹಾಕಿದ್ರಂತೆ.”

ಕೇಳಿದ್ದು ನಿಜ. ಅದಕ್ಕೆ ಅವನೇನೋ ಉತ್ತರ ಕೊಟ್ಟಿದ್ದ. ಯಾವ ದನಿಯಲ್ಲಿ ಕೊಟ್ಟ ಅಂತ ಮಧ್ಯಾಹ್ನವೆಲ್ಲ ನೆನಪು ಮಾಡಿಕೊಂಡೆ. ಬಸುರಿ ಹೆಂಗಸು ನೆನಪಾಗುತ್ತದೆ, ಕೋಳಿ ನೆನಪಾಗುತ್ತದೆ. ಅವನ ಸ್ವಂತ ದನಿ ಹೇಗಿತ್ತೋ ನೆನಪಾಗುತ್ತಿಲ್ಲ.

ನವೆಂಬರ್ 18, ಮಂಗಳವಾರ

ಹದಿನಾಲ್ಕು ಕರೆ ಬಂದವು. ಯಾವುದರಲ್ಲೂ ಅವನಿರಲಿಲ್ಲ ಅಂತ ಖಾತ್ರಿಯಾಗುವವರೆಗೆ ಮಾತಾಡಿಸಿದೆ.

ನವೆಂಬರ್ 21, ಶುಕ್ರವಾರ

ಜನನ ಮರಣ ನೋಂದಣಿ ಕಚೇರಿಗೆ ನೇರವಾಗಿ ಬರೆದಿದ್ದೆ. ಉತ್ತರ ಬಂತು. ಪ್ರಮಾಣಪತ್ರ ಅಸಲಿ, ವಯಸ್ಸು ಐವತ್ನಾಲ್ಕು ಅಂತಲೇ ಅವರ ಪುಸ್ತಕದಲ್ಲೂ ಇದೆ. ಅಂದರೆ ಆ ಕಚೇರಿಯವರೆಗೂ ಅವನ ಕೈ ಹೋಗಿದೆ. ಅಲ್ಲಿಯ ಗುಮಾಸ್ತ ಯಾರೋ ಇವನ ಆಟ ನೋಡಿ ಚಪ್ಪಾಳೆ ತಟ್ಟಿದವನೇ ಇರಬೇಕು.

ಇವತ್ತು ತಪ್ಪು ನಂಬರಿನ ಕರೆಯೊಂದು ಬಂತು. ಯಾರೋ ಮುದುಕರು, ಕನ್ನಡಕದ ಅಂಗಡಿಯಾ ಅಂತ ಕೇಳಿದರು. ಅಲ್ಲ ಅಂದೆ, ಆದರೆ ಫೋನ್ ಇಡಲು ಬಿಡಲಿಲ್ಲ. ಕಣ್ಣಿಗೆ ಏನಾಗಿದೆ, ಎಷ್ಟು ದಿನದಿಂದ, ಮನೆಯಲ್ಲಿ ಯಾರಿದ್ದಾರೆ ಅಂತ ಐದು ನಿಮಿಷ ಮಾತಾಡಿಸಿದೆ. ನಡುವೆ ಅವರು ಒಮ್ಮೆ ಕೆಮ್ಮಿದರು. “ಅಣ್ಣಾ?” ಅಂದೆ.

“ಯಾರಪ್ಪಾ ನೀನು?” ಅಂದರು ಮುದುಕರು.

ಟೈಪಿಸ್ಟ್ ಹೆಂಗಸು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಇವರನ್ನೂ ಅವನು ಗೂಢಚಾರಿಣಿ ಮಾಡಿಕೊಂಡಿರಬಹುದು.

ನವೆಂಬರ್ 25, ಮಂಗಳವಾರ

ಎರಡು ವಾರದಿಂದ ಆ ಕಡೆಯಿಂದ ಫೋನ್ ಇಲ್ಲ. ವೈದ್ಯರೂ ಇಲ್ಲ, ಅತ್ತಿಗೆಯೂ ಇಲ್ಲ. ಆಡಿ ಆಡಿ ಅವನಿಗೆ ಬೇಜಾರಾಗಿರಬೇಕು. ಇಷ್ಟು ಬೇಗ ಬೇಜಾರಾಗುವವನಲ್ಲ.

ನವೆಂಬರ್ 28, ಶುಕ್ರವಾರ

ನಾಳೆ ಬೆಳಗಿನ ರೈಲಿಗೆ ಹೊರಟಿದ್ದೇನೆ. ಹೇಳದೆ ಕೇಳದೆ ಹೋಗಿ ಕೈಯಾರೆ ಹಿಡಿಯುತ್ತೇನೆ. ಹೆಂಡತಿ ಏನೂ ಕೇಳಲಿಲ್ಲ, ನನ್ನ ಚೀಲದಲ್ಲಿ ಎರಡು ಕರವಸ್ತ್ರ ಜಾಸ್ತಿ ಇಟ್ಟಳು. ಯಾಕೆ ಅಂದರೆ, “ಧೂಳಿರುತ್ತೆ” ಅಂದಳು.

ಅವನು ಬಾಗಿಲು ತೆರೆದ ತಕ್ಷಣ ಏನು ಹೇಳಬೇಕೆಂದು ಯೋಚಿಸಿಟ್ಟಿದ್ದೇನೆ. ಮೊದಲು ಬೈಯುತ್ತೇನೆ. ಆಮೇಲೆ ಒಳಗೆ ಹೋಗಿ ಕೂರುತ್ತೇನೆ.

ನವೆಂಬರ್ 29, ಶನಿವಾರ

ಬಾಗಿಲು ಅತ್ತಿಗೆ ತೆರೆದರು.

ನಾನು ಅವರ ಭುಜದ ಮೇಲಿಂದ ಒಳಗೆ ಇಣುಕಿದೆ. ನಾಚಿಕೆಗೆಟ್ಟ ಕೆಲಸ, ಆದರೂ ಇಣುಕಿದೆ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. “ನೋಡ್ಕೊಂಡು ಬನ್ನಿ. ಆಮೇಲೆ ಚಹಾ ಮಾಡ್ತೀನಿ” ಅಂದರು.

ನೋಡಿದೆ. ಎರಡು ಕೋಣೆ, ಅಡುಗೆಮನೆ, ಬಚ್ಚಲು. ಬೀರುವಿನ ಬಾಗಿಲನ್ನೂ ತೆಗೆದೆ. ಅಂಗಿಗಳಿದ್ದವು, ಅವನಿರಲಿಲ್ಲ. ಮಂಚದ ಕೆಳಗೆ ಬಗ್ಗಿದಾಗ ಸೊಂಟ ಹಿಡಿದುಕೊಂಡು ಏಳಲಾಗಲಿಲ್ಲ. ಅತ್ತಿಗೆ ಬಂದು ಕೈ ಕೊಟ್ಟು ಎಬ್ಬಿಸಿದರು.

ಮೇಜಿನ ಮೇಲೆ ನೋಟ್‌ಪುಸ್ತಕಗಳ ಒಂದು ರಾಶಿ. ಇಪ್ಪತ್ತಾದರೂ ಇರಬೇಕು.

“ಎರಡು ವರ್ಷದ ಹಿಂದೆ ಆಪರೇಷನ್ ಆಯ್ತು. ಜೀವ ಉಳೀತು, ದನಿಪೆಟ್ಟಿಗೆ ತೆಗೆದ್ರು. ಅವತ್ತಿಂದ ಒಂದು ಸದ್ದೂ ಇಲ್ಲ. ಏನಿದ್ರೂ ಇದ್ರಲ್ಲೇ ಬರೀತಿದ್ರು.”

ತೆರೆದು ನೋಡಿದೆ. ಅವನದೇ ಅಕ್ಷರ, ಎಡಕ್ಕೆ ವಾಲುವ ಅಕ್ಷರ. ‘ಉಪ್ಪು ಜಾಸ್ತಿ.’ ‘ಕಿಟಕಿ ಹಾಕು.’ ‘ಇವತ್ತು ಗಡ್ಡ ಮಾಡಿಕೊಳ್ಳಲ್ಲ, ಯಾರು ಬರ್ತಾರೆ?’ ಒಂದು ಪುಟದಲ್ಲಿ ಬರೀ ‘ಕೊಕ್ಕೊಕ್ಕೋ’ ಅಂತ ಬರೆದಿದ್ದಾನೆ. ನೂರು ಜನರ ದನಿ ಇದ್ದವನು ಕೋಳಿಯನ್ನು ಪೆನ್ಸಿಲಿನಲ್ಲಿ ಕೂಗಿಸಿದ್ದ. ಅಲ್ಲಿಂದ ಮುಂದೆ ನನಗೆ ಅಕ್ಷರ ಕಾಣಿಸಲಿಲ್ಲ.

ಅತ್ತಿಗೆ ಇನ್ನೊಂದು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. “ನಿಮಗೆ ಹೇಳಿ ಕಳಿಸ್ಲಾ ಅಂತ ನಾನು ಕೇಳಿದ್ದೆ. ಅದಕ್ಕೆ ಬರೆದಿದ್ದು ಇದು.”

‘ಬೇಡ. ತಮ್ಮ ನಂಬಲ್ಲ. ನಾಟಕ ಅಂತಾನೆ. ನಿಜ ಅಂತ ಗೊತ್ತಾದ ಮೇಲೆ ಅವನಿಗೇ ಸಂಕಟ ಆಗುತ್ತೆ. ಎಲ್ಲಾ ಮುಗಿದ ಮೇಲೆ ಹೇಳು.’

ಅತ್ತುಬಿಟ್ಟೆ. ಅದನ್ನು ಬರೆಯಲು ನನಗೇನೂ ಸಂಕೋಚವಿಲ್ಲ. ಆ ಮನೆಯಲ್ಲಿ ಧೂಳೇನೂ ಇರಲಿಲ್ಲ.

“ಅತ್ತಿಗೆ, ಅವತ್ತು ಫೋನಲ್ಲಿ ನಾನು...” ಅಂದೆ.

“ಮೂರು ದಿನ ನಿಮ್ಮನ್ನ ಬೈಕೊಂಡೆ. ಬಾಯಿಗೆ ಬಂದ ಹಾಗೆ ಬೈಕೊಂಡೆ” ಅಂದರು. “ಆಮೇಲೆ ಒಂದು ಅನ್ನಿಸ್ತು. ನೀವು ‘ಅಣ್ಣಾ’ ಅಂದ್ರಲ್ಲ. ಎಂಟು ವರ್ಷದ ಮೇಲೆ. ಅದನ್ನ ಅವರು ಕೇಳಿಸ್ಕೊಬೇಕಿತ್ತು, ನಾನು ಕೇಳಿಸ್ಕೊಂಡೆ.”

ಚಹಾ ಆಯಿತು. ಇಬ್ಬರೂ ಕುಡಿದೆವು. ಆಮೇಲೆ ಅತ್ತಿಗೆ ತಮಗೆ ತಾವೇ ಅಂದುಕೊಳ್ಳುವ ಹಾಗೆ, “ಐವತ್ನಾಲ್ಕು ಸಾಯೋ ವಯಸ್ಸೇನ್ರೀ?” ಅಂದರು.

ಆಗ ನನಗೆ ಹೊಳೆಯಿತು. ಪ್ರಮಾಣಪತ್ರದಲ್ಲಿ ಇರುವುದು ಕಳ್ಳ ಅಚ್ಚಿನವನ ಅಂದಾಜಲ್ಲ. ಇಪ್ಪತ್ತೈದು ವರ್ಷದ ಹಿಂದೆ ಮದುವೆ ಮಾತಾಡುವಾಗ ಮೂವತ್ತೈದರ ಅಣ್ಣ ಇಪ್ಪತ್ತೊಂಬತ್ತು ಅಂತ ಹೇಳಿದ್ದಾನೆ. ಹೇಳಿದ್ದನ್ನು ಕಡೆಯವರೆಗೂ ನಡೆಸಿಕೊಂಡು ಬಂದಿದ್ದಾನೆ. ಇಷ್ಟು ವರ್ಷ ಸಿಕ್ಕಿಬೀಳದ ಏಕೈಕ ಆಟ.

“ಹೇಳಿ, ಸಾಯೋ ವಯಸ್ಸಾ?” ಅಂತ ಅತ್ತಿಗೆ ಮತ್ತೆ ಕೇಳಿದರು. ನಾನು ಬಾಯಿ ತೆರೆದೆ. ಎಂಟು ವರ್ಷದಿಂದ ಒಂದು ತಪ್ಪು ಅಂಕಿಯನ್ನೂ ಬಿಟ್ಟವನಲ್ಲ ನಾನು.

“ಅಲ್ಲ ಅತ್ತಿಗೆ. ಚಿಕ್ಕ ವಯಸ್ಸು” ಅಂದೆ.

ನವೆಂಬರ್ 30, ಭಾನುವಾರ

ರೈಲಿನಲ್ಲಿ ಎದುರಿಗೆ ಕೂತವರು ಬಾಯಿ ತುಂಬಾ ಮಾತಾಡುತ್ತಿದ್ದರು. ಯಾರೆಂದು ಅನುಮಾನ ಬರಲಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳಿಗೆ ಎಲ್ಲ ಗೊತ್ತಿತ್ತು, ಆದರೂ ಪೂರ್ತಿ ಕೇಳಿದಳು.

ಡಿಸೆಂಬರ್ 1, ಸೋಮವಾರ

ಹತ್ತು ಗಂಟೆಗೆ ಸಂಪಾದಕರು ಕರಡು ಪುಟ ತಂದು ನನ್ನ ಮುಂದಿಟ್ಟರು. ಎಂಜಿನಿಯರ್, ಕುಸ್ತಿಪಟು, ಅನುವಾದಕಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದಾರೆ. ಎಡಪುಟದ ಕೊನೆಯಲ್ಲಿ ಸಸ್ಯವಿಜ್ಞಾನಿ, ಬಲಪುಟದ ಕೊನೆಯಲ್ಲಿ ಒಂಬತ್ತು ಖಾಲಿ ಸಾಲು. ಪುಸ್ತಕ ಮುಚ್ಚಿದರೆ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಕೂರುತ್ತಾರೆ. ಮಾತಾಡಲು ಅವರಿಗೆ ವಿಷಯ ಬೇಕಾದಷ್ಟಿದೆ.

ಕಾರ್ಡು ತುಂಬಿದೆ. ಮೊದಲ ಸಾಕ್ಷಿ: ಅತ್ತಿಗೆ. ಎರಡನೆಯ ಸಾಕ್ಷಿ: ನಾನು. ಮನೆ ಬೇರೆ ಬೇರೆ, ನಿಯಮಕ್ಕೆ ಭಂಗವಿಲ್ಲ. ಸಂಪಾದಕರು ಓದಿ, “ಜನನ ವರ್ಷ ಸರಿ ಇದೆಯಾ? ನಿಮ್ಮಣ್ಣ ಅಲ್ವಾ ಅವರು? ನಿಮಗಿಂತ ಚಿಕ್ಕವರಾಗಿಬಿಟ್ರಲ್ಲ” ಅಂದರು.

“ಪ್ರಮಾಣಪತ್ರ ಇದೆ ಸಾರ್. ನೋಂದಣಿ ಕಚೇರಿಯ ಕಾಗದವೂ ಇದೆ. ಎರಡು ಸಾಕ್ಷಿ” ಅಂದೆ.

ಅವರು ನನ್ನನ್ನು ಒಂದು ನಿಮಿಷ ನೋಡಿ, ಪುಟ ಎತ್ತಿಕೊಂಡು ಅಚ್ಚಿಗೆ ಹೋದರು. ಅವನು ಹುಟ್ಟಿದ ಸರಿಯಾದ ವರ್ಷಕ್ಕೆ ಇನ್ನು ಸಾಕ್ಷಿಯಾಗಿ ಉಳಿದಿರುವುದು ನಾನೊಬ್ಬನೇ. ಒಂದು ಸಾಕ್ಷಿ ಸಾಲದು.

ಹೀಗಾಗಿ ಇವತ್ತಿನಿಂದ ಅವನು ನನಗಿಂತ ಮೂರು ವರ್ಷ ಚಿಕ್ಕವನು. ಅಚ್ಚಾದ ಮೇಲೆ ಅದೇ ನಿಜ. ಚಿಕ್ಕವರು ಏನಾದರೂ ಕಿತಾಪತಿ ಮಾಡಿದರೆ ದೊಡ್ಡವರು ಹೊಟ್ಟೆಗೆ ಹಾಕಿಕೊಳ್ಳಬೇಕು, ಎಂಟು ವರ್ಷ ಮುಖ ತಿರುಗಿಸಿಕೊಂಡು ಕೂರಬಾರದು. ಆ ಬುದ್ಧಿ ನನಗೆ ಆಗಲೇ ಇರಬೇಕಿತ್ತು. ಆಗ ನಾನು ಚಿಕ್ಕವನಾಗಿದ್ದೆ.